ಸಾಕ್ಷಿಬಂಡೆಯ ಮೇಲೆ ಗುಳುಮುಳುಕ

ಕುರುಚಲು ಕಾಡಿನ ಅಂಚಿನಲ್ಲಿ ಜೊಂಡುಕೆರೆ ಅಂತ ಒಂದು ಕೆರೆ ಇತ್ತು. ಅದರ ನಡುನೀರಿನಲ್ಲಿ ಒಂದು ಚಪ್ಪಟೆ ಬಂಡೆ, ಬೆನ್ನಷ್ಟನ್ನೇ ಮೇಲೆತ್ತಿ ಕೂತಿತ್ತು. ಅದಕ್ಕೆ ಸಾಕ್ಷಿಬಂಡೆ ಎಂದು ಹೆಸರು. ಕೆರೆಯಲ್ಲಿ ನ್ಯಾಯ ಸೇರಿದಾಗ ಸಾಕ್ಷಿ ಹೇಳುವವರು ಅಲ್ಲಿಗೆ ಹೋಗಿ ನಿಂತೇ ಹೇಳಬೇಕು. ಇದು ಹಿರಿಯರು ಮಾಡಿಟ್ಟ ಕಟ್ಟಳೆ.

ಆದರೆ ಬಂಡೆಗೆ ಹೋಗಬೇಕಾದರೆ ಕಾಲು ಒದ್ದೆಯಾಗುತ್ತದೆ. ಕಾಲು ಒದ್ದೆ ಮಾಡಿಕೊಳ್ಳಲು ಯಾರಿಗೂ ಇಷ್ಟವಿಲ್ಲ. ಹಾಗಾಗಿ ಒಂದೊಂದೇ ವರ್ಷ ಕಳೆದಂತೆ ಎಲ್ಲರೂ ದಡದಲ್ಲೇ ನಿಂತು, ಹೊಂಗೆ ಮರದ ನೆರಳಲ್ಲಿ, ಬಾಯಿಗೆ ಬಂದದ್ದು ಹೇಳುವುದೇ ರೂಢಿಯಾಯಿತು. ಬಂಡೆ ಪಾಚಿ ಕಟ್ಟಿತು. ಅದರ ಬುಡದಲ್ಲಿ ಒಂದು ಗುಳುಮುಳುಕ ಗೂಡು ಕಟ್ಟಿಕೊಂಡಿತು.

ಗುಳುಮುಳುಕ ಅಂದರೆ ಅಂಗೈಯಗಲದ ನೀರುಹಕ್ಕಿ. ಯಾರಾದರೂ ತನ್ನ ಕಡೆ ನೋಡಿದರೆ ಸಾಕು, ಗುಳುಂ ಎಂದು ಮುಳುಗಿಬಿಡುತ್ತದೆ. ಈ ಗುಳುಮುಳುಕಳಿಗೆ ಮಾತು ಕಡಿಮೆ, ನೋಟ ಜಾಸ್ತಿ.

ಒಂದು ಬೇಸಿಗೆಯ ಮಧ್ಯಾಹ್ನ ಕೆರೆಯ ಏರಿಯ ಮೇಲೆ ಅನ್ಯಾಯವೊಂದು ನಡೆಯಿತು. ಟಿಟ್ಟಿಭ ಹಕ್ಕಿ ನಿಂಗಕ್ಕ ಅಲ್ಲಿ, ಬಯಲು ನೆಲದಲ್ಲಿ, ಉರುಟು ಕಲ್ಲುಗಳ ನಡುವಿನ ಗುಳಿಯಲ್ಲಿ ನಾಲ್ಕು ಮೊಟ್ಟೆ ಇಟ್ಟಿದ್ದಳು. ನರಿಯೊಂದು ಆ ಕಡೆ ಬಂತು. ನಿಂಗಕ್ಕ ರೆಕ್ಕೆ ಮುರಿದವಳಂತೆ ನೆಲದಲ್ಲಿ ತೆವಳುತ್ತಾ, ನರಿಯನ್ನು ಮರುಳು ಮಾಡಿ ದೂರಕ್ಕೆ ಕರೆದೊಯ್ದಳು. ಟಿಟ್ಟಿಭಗಳು ಮಕ್ಕಳನ್ನು ಕಾಯುವುದೇ ಹಾಗೆ. ನರಿ ಪೆಚ್ಚಾಗಿ ಹೊರಟುಹೋಯಿತು. ನಿಂಗಕ್ಕ ಹಾರಿ ಬಂದು ನೋಡಿದರೆ ಗುಳಿ ಖಾಲಿ. ನಾಲ್ಕೂ ಮೊಟ್ಟೆ ಇಲ್ಲ.

ಸಂಜೆಯೊಳಗೆ ಕೆರೆಗೆಲ್ಲ ಗೊತ್ತಾಯಿತು, ಕದ್ದವಳು ಮುಂಗುಸಿ ಕೆಂಚಿ ಎಂದು. ಹೇಗೆ ಗೊತ್ತಾಯಿತು ಅಂತ ಯಾರೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಕೆಂಚಿ ಹೊಟ್ಟೆಪಾಡಿಗೆ ಹೋಗಿದ್ದಾಗ, ನಾಲ್ಕಾರು ಜನ ಸೇರಿ ಅವಳ ಬಿಲದ ಬಾಯಿಗೆ ಜಾಲಿ ಮುಳ್ಳು ತುರುಕಿದರು. ಒಳಗೆ ಇನ್ನೂ ಕಣ್ಣು ಬಿಡದ ಮೂರು ಮರಿಗಳಿದ್ದವು.

ವಿಚಾರಣೆ ಇನ್ನೂ ಶುರುವೇ ಆಗಿರಲಿಲ್ಲ. ಶಿಕ್ಷೆ ಮಾತ್ರ ಆಗಲೇ ನಡೆದಿತ್ತು.

ಹೊಂಗೆಯ ಕೆಳಗೆ ಎಲ್ಲರೂ ಸೇರಿದರು. ನ್ಯಾಯ ಹೇಳುವವನು ಕೋಣಜ್ಜ. ಅವನು ಕೆರೆಯ ಅಂಚಿನಲ್ಲಿ ಮಂಡಿಯುದ್ದ ನೀರಲ್ಲಿ ನಿಂತು ಮೆಲುಕು ಹಾಕುತ್ತಿದ್ದ.

"ಕೆಂಚಿ, ಮೊಟ್ಟೆ ತಿಂದೆಯಾ?"

"ಇಲ್ಲ ಅಜ್ಜ. ನಿನ್ನೆ ಮಧ್ಯಾಹ್ನ ನಾನು ಬಿಲದಲ್ಲೇ ಇದ್ದೆ, ಮರಿಗಳ ಹತ್ತಿರ. ಮೊದಲು ಆ ಮುಳ್ಳು ತೆಗೆಸಿ. ಬಿಸಿಲೇರ್ತಾ ಇದೆ, ಮರಿಗಳು ಹಾಲಿಲ್ಲದೆ ಬಿದ್ದಿವೆ."

"ನೀನು ಬಿಲದಲ್ಲಿದ್ದದ್ದನ್ನು ಯಾರು ನೋಡಿದರು?" ಎಂದಿತು ಕಪ್ಪೆ, ಗಂಟಲುಬ್ಬಿಸಿ.

"ಬಿಲದೊಳಗೆ ಇದ್ದವಳನ್ನು ಯಾರು ನೋಡ್ತಾರೆ?"

"ನೋಡಿದಿರಾ, ಸಾಕ್ಷಿಯೇ ಇಲ್ಲ" ಎಂದು ಎಲ್ಲರೂ ತಲೆಯಾಡಿಸಿದರು.

ನನಗೆ ಸಿಟ್ಟು ಬರುವುದು ಇಲ್ಲೇ. ಅವಳು ತಿನ್ನುವುದನ್ನು ನೋಡಿದವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಅವಳು ತಿನ್ನಲಿಲ್ಲ ಎನ್ನುವುದಕ್ಕೆ ಮಾತ್ರ ಸಾಕ್ಷಿ ಬೇಕಂತೆ.

ಆಮೇಲೆ ಒಬ್ಬೊಬ್ಬರೂ ಬಾಯಿ ಬಿಟ್ಟರು.

"ಮುಂಗುಸಿ ಇರೋ ಕಡೆ ಮೊಟ್ಟೆ ಉಳಿಯುತ್ತಾ?" ಎಂದಿತು ಅಳಿಲು. "ಅವರ ಜಾತಿಬುದ್ಧಿಯೇ ಅದು."

"ಹೋದ ವರ್ಷ ಜೊಂಡಿನೊಳಗಿಂದ ಎರಡು ಮೊಟ್ಟೆ ಕದ್ದಿರಲಿಲ್ವಾ?" ಎಂದಿತು ನೀಲಿ ಮೈಯ ಜಂಬುಕೋಳಿ. "ತಾನೇ ಒಪ್ಪಿಕೊಂಡಳಲ್ಲ. ಒಂದು ಸಲ ಕದ್ದವಳು ನೂರು ಸಲ ಕದೀತಾಳೆ."

"ಅದಕ್ಕೆ ಒಂದು ತಿಂಗಳು ಮೂಡಣ ದಡಕ್ಕೆ ಕಾಲಿಡಬಾರದು ಅಂದಿರಿ, ಇಡಲಿಲ್ಲ" ಎಂದಳು ಕೆಂಚಿ. "ಆ ಲೆಕ್ಕ ಅಲ್ಲಿಗೆ ಮುಗೀತು."

"ಲೆಕ್ಕ ಮುಗೀಬಹುದು, ಗುಣ ಮುಗಿಯುತ್ತಾ?"

ಹೊಂಗೆಯ ಕೊಂಬೆಯಿಂದ ಕೆಂಬೂತ ಭದ್ರಯ್ಯ ಗಂಟಲು ಸರಿಮಾಡಿಕೊಂಡ. ಕೆಂಬಣ್ಣದ ರೆಕ್ಕೆ, ಕೆಂಪು ಕಣ್ಣು, ನಿಧಾನದ ನಡಿಗೆ. ಬೆಳಿಗ್ಗೆ ಎದ್ದು ಭದ್ರಯ್ಯನ ಮುಖ ನೋಡಿದರೆ ದಿನವೆಲ್ಲ ಒಳ್ಳೆಯದಾಗುತ್ತದೆ ಎಂದು ಕೆರೆಯಲ್ಲಿ ಎಲ್ಲರೂ ನಂಬಿದ್ದರು.

"ಪಾಪ, ಅವಳಿಗೂ ಮಕ್ಕಳಿವೆ" ಎಂದ ಭದ್ರಯ್ಯ. "ಕೊಲ್ಲುವುದು ಬೇಡ. ಕೆರೆ ಬಿಟ್ಟು ಹೋಗಲಿ, ಅಷ್ಟೇ."

ಎಂಥ ದಯೆ ಎಂದು ಎಲ್ಲರೂ ಕರಗಿದರು. ಎರಡು ಹರದಾರಿ ದೂರದವರೆಗೆ ಬೇರೆ ನೀರಿರಲಿಲ್ಲ. ಆ ಬಿಸಿಲಲ್ಲಿ ಮೂರು ಮರಿಗಳನ್ನು ಕಚ್ಚಿಕೊಂಡು ಹೋಗುವುದೆಂದರೆ ಏನು ಅಂತ ಎಲ್ಲರಿಗೂ ಗೊತ್ತಿತ್ತು. ಕೋಣಜ್ಜನಿಗೂ ಗೊತ್ತಿತ್ತು. ಆದರೆ ಅವನಿಗೆ ಸೆಕೆ, ಬೇಗ ನೀರಿಗಿಳಿದು ಮಲಗಬೇಕು. "ಇಷ್ಟು ಜನ ಒಂದೇ ಮಾತು ಹೇಳ್ತಿದ್ದೀರಿ ಅಂದಮೇಲೆ..." ಎಂದು ಆರಂಭಿಸಿದ.

"ಕಣ್ಣು ಯಾರದ್ದು?"

ಸಣ್ಣ ದನಿ. ಎಲ್ಲರೂ ತಿರುಗಿ ನೋಡಿದರು. ನೀರಿನ ಮೇಲೆ ಒಂದು ಉಂಗುರ ಅಲೆ ಮಾತ್ರ ಇತ್ತು. ಸ್ವಲ್ಪ ಹೊತ್ತಿನಲ್ಲಿ ಗುಳುಮುಳುಕ ಬೇರೆ ಕಡೆ ತಲೆ ಎತ್ತಿದಳು.

"ಕೋಣಜ್ಜ, ಸಾಕ್ಷಿಬಂಡೆ ಮೇಲೆ ನಿಂತವರಿಗೆ ಮೊದಲು ಕೇಳಬೇಕಾದ ಮಾತು ಅದು. 'ಕಣ್ಣು ಯಾರದ್ದು?' ನನ್ನದು ಅಂದರೆ ಮಾತಾಡಬಹುದು. ಬೇರೆಯವರದ್ದು ಅಂದರೆ ಇಳಿದು, ಆ ಬೇರೆಯವರನ್ನೇ ಕರೆತರಬೇಕು. ನನ್ನಮ್ಮ ಹೇಳಿಕೊಟ್ಟಿದ್ದಳು." ಇಷ್ಟು ಹೇಳಿ ಮತ್ತೆ ಮುಳುಗಿದಳು.

ಕೋಣಜ್ಜ ಮೆಲುಕು ನಿಲ್ಲಿಸಿದ. ಅವನ ಕಿವಿಗಳು ನಾಚಿಕೆಯಿಂದ ಜೋತುಬಿದ್ದವು. ಆ ಮಾತು ಅವನಿಗೂ ಗೊತ್ತಿತ್ತು, ಮರೆತುಬಿಟ್ಟಿದ್ದ. "ನಡೀರಿ ಬಂಡೆಗೆ" ಎಂದ. "ಮೊದಲು ಕಪ್ಪೆ."

ಕಪ್ಪೆ ಜಿಗಿದು ಬಂಡೆ ಹತ್ತಿತು. "ಕೆಂಚಿಯ ಮೀಸೆಯಲ್ಲಿ ಮೊಟ್ಟೆಯ ಹಳದಿ ಇತ್ತು."

"ಕಣ್ಣು ಯಾರದ್ದು?"

"ಅಂದ್ರೆ... ಜಂಬುಕೋಳಿ ಹೇಳಿತು."

"ಇಳಿ. ಜಂಬುಕೋಳಿ, ಹತ್ತು. ಕಣ್ಣು ಯಾರದ್ದು?"

"ಅಳಿಲಿನದ್ದು ಅಜ್ಜ. ಮೀಸೆಯಲ್ಲಿ ಹಳದಿ ಇತ್ತಂತೆ ಅಂತ ಅಳಿಲೇ ಹೇಳಿತು."

"ನನಗೆ ಈಜು ಬರಲ್ಲ" ಎಂದಿತು ಅಳಿಲು, ಬಾಲ ಮುದುಡಿಕೊಂಡು.

"ನನ್ನ ಬೆನ್ನು ಹತ್ತು." ಕೋಣಜ್ಜ ಅದನ್ನು ಹೊತ್ತು ನಡೆದು ಬಂಡೆಯ ಪಕ್ಕ ನಿಂತ. "ಕಣ್ಣು ಯಾರದ್ದು?"

ಅಳಿಲು ಪಾಚಿಯ ಮೇಲೆ ಜಾರುತ್ತಾ ಹೇಳಿತು, "ಭದ್ರಯ್ಯನವರದ್ದು. ಮೀಸೆಯಲ್ಲಿ ಹಳದಿ ಇದ್ದಿರಬೇಕು ಅಂದರು."

ಎಲ್ಲರ ಕತ್ತೂ ಕೊಂಬೆಯ ಕಡೆ ತಿರುಗಿತು.

"ನನ್ನಂಥವನು ಆ ಪಾಚಿ ಬಂಡೆ ಮೇಲೆ ನಿಲ್ಲಬೇಕಾ?" ಎಂದ ಭದ್ರಯ್ಯ.

"ಅಜ್ಜ, ಅವರನ್ನು ಕೇಳಬಾರದು" ಎಂದಿತು ಜಂಬುಕೋಳಿ. "ಬೆಳಿಗ್ಗೆ ಅವರ ಮುಖ ನೋಡಿದರೆ ಒಳ್ಳೆಯದಾಗುತ್ತೆ."

"ನಾನು ಮುಖದ ವಿಚಾರ ಕೇಳ್ತಿಲ್ಲ. ಕಣ್ಣಿನ ವಿಚಾರ ಕೇಳ್ತಿದ್ದೀನಿ. ಭದ್ರಯ್ಯ, ಬನ್ನಿ."

ಭದ್ರಯ್ಯ ಇಳಿದು ಬಂದು, ಬಂಡೆಯ ಮೇಲೆ ಒಂಟಿಕಾಲಲ್ಲಿ ನಿಂತ. "ನಾನು ನೋಡಿದೆ ಅಂತ ಎಲ್ಲಿ ಹೇಳಿದೆ? ಮುಂಗುಸಿ ಅಂದಮೇಲೆ ಮೀಸೆಯಲ್ಲಿ ಹಳದಿ ಇದ್ದಿರಬೇಕು ಅಂದೆ. ಅದು ಬರೀ ಊಹೆ. ಕೆರೆಯವರೆಲ್ಲ ಅದನ್ನೇ ಹೇಳ್ತಿದ್ದರಲ್ಲ."

ಒಂದು ಊಹೆ ನಾಲ್ಕು ಬಾಯಿ ಸುತ್ತಿ, ಸತ್ಯದ ವೇಷ ಹಾಕಿಕೊಂಡು, ಒಬ್ಬ ತಾಯಿಯ ಬಿಲಕ್ಕೆ ಮುಳ್ಳು ತುರುಕಿತ್ತು.

"ಹಾಗಾದರೆ ನೋಡಿದವರು ಯಾರೂ ಇಲ್ವಾ?" ಎಂದು ನಿಂಗಕ್ಕ ಅಳುದನಿಯಲ್ಲಿ ಕೇಳಿದಳು. "ನನ್ನ ಮೊಟ್ಟೆ ಹಾಗೇ ಹಾರಿಹೋದವಾ?"

ಬಂಡೆಯ ಬುಡದಲ್ಲಿ ನೀರು ಅಲುಗಿತು. ಗುಳುಮುಳುಕಳ ಕಾಲುಗಳಿರುವುದು ಮೈಯ ತೀರ ಹಿಂದೆ. ನೀರಲ್ಲಿ ಮಿಂಚು, ನೆಲದಲ್ಲಿ ಮುಗ್ಗರಿಕೆ. ಅವಳು ಎರಡು ಸಲ ಜಾರಿ ಬಿದ್ದು ಮೂರನೆಯ ಸಲಕ್ಕೆ ಬಂಡೆ ಹತ್ತಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಈ ಸಲ ಮುಳುಗಲಿಲ್ಲ.

"ಕಣ್ಣು ಯಾರದ್ದು?" ಎಂದ ಕೋಣಜ್ಜ ಮೆಲ್ಲಗೆ.

"ನನ್ನದು. ನಿಂಗಕ್ಕ ನರಿಯನ್ನು ದೂರಕ್ಕೆ ಕರೆದೊಯ್ದಾಗ ಭದ್ರಯ್ಯ ಏರಿಗೆ ನಡೆದು ಬಂದರು. ನಾಲ್ಕು ಸಲ ಬಂದರು. ಒಂದೊಂದು ಸಲಕ್ಕೆ ಒಂದೊಂದು ಮೊಟ್ಟೆ ಕಚ್ಚಿಕೊಂಡು ಲಂಟಾನ ಪೊದೆಗೆ ಹೋದರು."

"ಸುಳ್ಳು" ಎಂದ ಭದ್ರಯ್ಯ. "ಯಾರಾದರೂ ನೋಡಿದರೆ ಅಡಗಿಕೊಳ್ಳೋ ಹಕ್ಕಿ ಇದು. ಅಡಗುವವರ ಮಾತು ನಂಬ್ತೀರಾ?"

"ಅವಳ ಗುಣ ಇಲ್ಲಿ ಬೇಡ" ಎಂದ ಕೋಣಜ್ಜ. "ಗುಳುಮುಳುಕ, ಎಷ್ಟು ದೂರದಿಂದ ನೋಡಿದೆ?"

"ಏರಿಯ ಕೆಳಗಿನ ಜೊಂಡಿನಿಂದ. ನನಗೂ ಅವರಿಗೂ ನಡುವೆ ನಿಮ್ಮ ಉದ್ದದ ಜಾಗ ಇತ್ತು."

"ಸೂರ್ಯ?"

"ನೆತ್ತಿಯ ಮೇಲೆ."

"ನಿನ್ನೆಯೇ ಯಾಕೆ ಹೇಳಲಿಲ್ಲ?"

ಅವಳು ತಲೆ ತಗ್ಗಿಸಿದಳು. "ಎಲ್ಲರೂ ನೋಡ್ತಾರೆ ಅಂತ ಹೆದರಿಕೆಯಾಯ್ತು. ಅದು ನನ್ನ ತಪ್ಪು. ಇನ್ನೊಂದು ಮಾತೂ ಇದೆ ಅಜ್ಜ. ಹೋದ ವರ್ಷ ಕೆಂಚಿ ಕದ್ದದ್ದು ನನ್ನ ತಂಗಿಯ ಮೊಟ್ಟೆ. ನನಗೆ ಕೆಂಚಿಯನ್ನು ಕಂಡರಾಗಲ್ಲ. ಹೋಗಲಿ ಬಿಡು ಅಂತಲೂ ಅನ್ನಿಸಿತ್ತು. ಆದರೆ ನಿನ್ನೆ ಏರಿ ಮೇಲೆ ನಾನು ಕಂಡದ್ದು ಅವಳನ್ನಲ್ಲ."

ಕೆಂಚಿಯ ತಲೆಯೂ ತಗ್ಗಿತು.

ನಿಂಗಕ್ಕ ಆಗಲೇ ಹಾರಿದ್ದಳು. ಲಂಟಾನ ಪೊದೆಯಿಂದ ಬರುವಾಗ ಅವಳ ಕೊಕ್ಕಿನಲ್ಲಿ ಕಪ್ಪು ಚುಕ್ಕೆಯ ಒಡೆದ ಚಿಪ್ಪಿತ್ತು. ಅದನ್ನು ಬಂಡೆಯ ಮೇಲಿಟ್ಟಳು. "ಕಣ್ಣು ನನ್ನದು" ಎಂದಳು. "ಅಲ್ಲಿ ಇನ್ನೂ ಮೂರಿವೆ."

ಭದ್ರಯ್ಯ ಏರಿಯ ಕಡೆ ಇನ್ನು ಸುಳಿಯಕೂಡದು, ನಿಂಗಕ್ಕ ಮತ್ತೆ ಮೊಟ್ಟೆಯಿಟ್ಟು ಮರಿ ಮಾಡುವವರೆಗೆ ಹೊಂಗೆಯ ಕೊಂಬೆಯಿಂದ ನರಿ ಬರುವುದನ್ನು ಕೂಗಿ ತಿಳಿಸಬೇಕು ಎಂದು ಕೋಣಜ್ಜ ತೀರ್ಪು ಕೊಟ್ಟ.

ಆಗ ದಡದಲ್ಲಿ ಗದ್ದಲವೆದ್ದಿತು.

"ಆ ಕೆಂಪು ಕಣ್ಣು ನೋಡಿದಾಗಲೇ ನನಗೆ ಅನುಮಾನ ಇತ್ತು" ಎಂದಿತು ಅಳಿಲು.

"ಕೆಂಬೂತಗಳೆಲ್ಲ ಹಾಗೇ" ಎಂದಿತು ಜಂಬುಕೋಳಿ. "ಹಿಂದೆ ಆ ಕಡೆ ಕೆರೆಯಲ್ಲೂ ಏನೋ ಮಾಡಿದ್ದನಂತೆ."

ಕೋಣಜ್ಜ ಕೊಂಬು ತಿರುಗಿಸಿ ನಿಂತ. "ಕಣ್ಣು ಯಾರದ್ದು?"

ಒಬ್ಬೊಬ್ಬರಾಗಿ, ಏನೋ ಕೆಲಸ ನೆನಪಾದಂತೆ, ಮನೆಗೆ ನಡೆದರು. ಮುಳ್ಳು ತುರುಕಿದವರೂ ಹಾಗೇ ನಡೆದರು. ತಪ್ಪಾಯಿತು ಎಂದು ಒಬ್ಬರ ಬಾಯಲ್ಲೂ ಬರಲಿಲ್ಲ.

ಕೆಂಚಿ ಓಡಿದಳು. ಒಬ್ಬಳೇ ಮುಳ್ಳು ಕೀಳತೊಡಗಿದಳು. ಅಂಗಾಲಿಗೆ ಚುಚ್ಚಿ ರಕ್ತ ಬಂತು. ಒಳಗಿನಿಂದ ಸಣ್ಣಗೆ ಕುಯ್‌ಗುಟ್ಟುವ ಸದ್ದು ಕೇಳುತ್ತಿತ್ತು, ಮೂರರದ್ದೂ. ಆಗ ಪಕ್ಕದಲ್ಲಿ ಯಾರೋ ಬಂದಿಳಿದ ಹಾಗಾಯಿತು. ನಿಂಗಕ್ಕ. ಕೊಕ್ಕಿನಿಂದ ಒಂದು ಮುಳ್ಳಿನ ಕಡ್ಡಿ ಕಚ್ಚಿ ಎಳೆದಳು. ಆಮೇಲೆ ಇನ್ನೊಂದು.

ನೀತಿ: ಕೇಳಿದ ಮಾತು ನೂರು ಬಾಯಿ ದಾಟಿದರೂ ಕಣ್ಣಾರೆ ಕಂಡ ಸಾಕ್ಷಿಯಾಗದು, ಒಬ್ಬರ ಹಳೆಯ ತಪ್ಪನ್ನಾಗಲಿ ಒಳ್ಳೆಯ ಹೆಸರನ್ನಾಗಲಿ ನೋಡಿ ಇಂದಿನ ತೀರ್ಪು ಕೊಡಬಾರದು.