ಮರಳಲ್ಲಿ ಒರೆಸಿದ ಅಕ್ಷರ

"ಕೇಳ್ರಪ್ಪೋ ಕೇಳಿ! ದೊರೆಗಳ ಮೂರು ಒಗಟು ಒಡೆದವರಿಗೆ ಐದು ಊರಿನ ಉಂಬಳಿ! ತಪ್ಪಿದವರಿಗೆ ಅಮಾವಾಸ್ಯೆಗೆ ತಲೆದಂಡ!" ಎಂದು ಡಂಗುರದವನು ಸಾರಿಕೊಂಡು ಹೋದ. ಜನ ಉಂಬಳಿಯನ್ನಷ್ಟೇ ಕೇಳಿಸಿಕೊಂಡರು. ಮನುಷ್ಯರ ಕಿವಿಯೇ ಹಾಗೆ, ಬೇಕಾದ್ದಕ್ಕೆ ಮಾತ್ರ ತೆರೆದಿರುತ್ತದೆ.

ಒಗಟು ದೊರೆಯದಲ್ಲ, ಮಠದ ಐಗಳದು. ಆ ಕಾಲಕ್ಕೆ ಐಗಳ ಮಠವೇ ಶಾಲೆ, ನೆಲಕ್ಕೆ ಹರವಿದ ಮರಳೇ ಪಾಟಿ. ಮಕ್ಕಳು ಅದರ ಮೇಲೆ ಬೆರಳಿಂದ ಅಕ್ಷರ ತಿದ್ದುತ್ತಿದ್ದರು. ದೊರೆಯ ಮಗಳು ದೇವಾಜಿ, ಏಳು ವರ್ಷದ್ದು, ಅಲ್ಲೇ ಮೂಲೆಯಲ್ಲಿ ಕೂರುತ್ತಿತ್ತು. ತಾಯಿ ಸತ್ತಂದಿನಿಂದ ಮಗು ಮಾತು ಬಿಟ್ಟಿತ್ತು. ಮುಖ ಥೇಟು ತಾಯಿಯದು. ನೋಡಿದರೆ ಸಂಕಟವೆಂದು ದೊರೆ ಮಗಳ ಕಡೆ ಸುಳಿಯುವುದನ್ನೇ ಬಿಟ್ಟಿದ್ದ. ಐಗಳು ಪಾಠವನ್ನು ಶಿಷ್ಯನಿಗೆ ಒಪ್ಪಿಸಿ ಕಾಶಿಗೆ ಹೊರಡುವಾಗ ಮೂರು ಒಗಟು ಹೇಳಿ, ಇವನ್ನು ಒಡೆದವರಿಂದ ಮಗು ಮಾತಾಡೀತು ಎಂದರು. ಮೊದಲೆರಡರ ಉತ್ತರವನ್ನು ದೊರೆಯ ಕಿವಿಯಲ್ಲಿ ಉಸುರಿದರು. ಮೂರನೆಯದು ನಿಮ್ಮ ಬಾಯಿಂದಲೇ ಬಂದೀತು ಎಂದು ನಡೆದುಬಿಟ್ಟರು. ತಲೆದಂಡದ ಮಾತು ಮಾತ್ರ ದೊರೆಯ ಸ್ವಂತದ್ದು.

ಮೊದಲು ಆಸ್ಥಾನದ ಪಂಡಿತ ಬಂದ. "ಕಟ್ಟಿದರೆ ಓಡುತ್ತದೆ, ಬಿಟ್ಟರೆ ಕೂರುತ್ತದೆ. ಏನದು?" ಎಂದ ದೊರೆ. ಪಂಡಿತ ನಾಲ್ಕು ಶ್ಲೋಕ ಹೇಳಿ, ಮನಸ್ಸು ಎಂದ. ಸೆರೆಮನೆಗೆ ಹೋದ. ಗರಡಿಯ ಉಸ್ತಾದ, ಕುದುರೆ ಎಂದು ಅವನ ಪಕ್ಕದಲ್ಲೇ ಹೋಗಿ ಕೂತ. ಒಬ್ಬ ವರ್ತಕ ಮನೆಯ ತುಂಟನನ್ನು ನೆನೆದು, ಚಟುವಟಿಕೆಯ ಮಗು ಎಂದು ಮೊದಲನೆಯದನ್ನು ದಾಟಿದ. "ಗದರಿದರೆ ಮುಚ್ಚುತ್ತದೆ, ಕಾದರೆ ತೆರೆಯುತ್ತದೆ" ಎಂದಾಗ ಮುಟ್ಟಿದರೆ ಮುನಿ ಗಿಡ ಎಂದುಬಿಟ್ಟ. ಗಿಡವನ್ನು ಯಾರಾದರೂ ಗದರುತ್ತಾರೆಯೇ? ಅವನೂ ಒಳಗೆ ಹೋದ.

ಇನ್ನು ಮಂಚಮ್ಮ. ಗಂಡನಿಲ್ಲ, ಮಕ್ಕಳಿಲ್ಲ. ಸಂಜೆ ಮಕ್ಕಳು ಎದ್ದುಹೋದ ಮೇಲೆ ಬಂದು ಮಠದ ಮರಳು ಸಮ ಮಾಡುವುದು ಅವಳ ಕೆಲಸ. ಮಕ್ಕಳಿರುವಾಗ ಒಳಗೆ ಬರಲು ಅಪ್ಪಣೆಯಿರಲಿಲ್ಲ. ಹನ್ನೆರಡು ವರ್ಷದಿಂದ ಮಕ್ಕಳ ಬೆರಳಿನ ಗುರುತು ಕಂಡಿದ್ದಳೇ ಹೊರತು ಒಂದು ಮುಖ ಕಂಡಿರಲಿಲ್ಲ. ಮನೆಗೆ ಹೋದರೆ ಮಾತಾಡಲು ಒಲೆಯೊಂದೇ. ಅಯ್ಯೋ ಪಾಪ, ಆ ಗುರುತುಗಳೇ ಅವಳಿಗೆ ನೆಂಟರು. ಈಚೆಗೆ ಮೂಲೆಯ ಗುರುತು ದಿನದಿನಕ್ಕೆ ತೆಳುವಾಗುತ್ತಿತ್ತು. ನಾಳೆ ಇರುತ್ತದೋ ಇಲ್ಲವೋ ಎಂದು ಹೆದರಿದಳು. ಮೂಲೆಯ ಮಗು ದೊರೆಯದೆಂದೂ, ಒಗಟು ಒಡೆದರೆ ಅದು ಮಾತಾಡೀತೆಂದೂ ಊರಲ್ಲಿ ಕೇಳಿದ್ದಳು. ನನ್ನ ತಲೆ ಹೋದರೆ ಅಳುವವರು ಯಾರಿದ್ದಾರೆ ಎಂದುಕೊಂಡು, ಆ ಗುರುತು ತೋರಿಸಲೆಂದು ಸೆರಗಿನಲ್ಲಿ ಒಂದಿಷ್ಟು ಮರಳು ಕಟ್ಟಿಕೊಂಡು ಅರಮನೆಗೆ ಹೋದಳು.

ಆಸ್ಥಾನದವರೆಲ್ಲ ನಕ್ಕರು. ಕಂಬದ ಮರೆಯಲ್ಲಿ ದೇವಾಜಿ ನಿಂತಿತ್ತು. ದೊರೆ ಮೊದಲ ಒಗಟು ಕೇಳಿದ.

"ಬುದ್ಧೀ, ಅದು ಬಾಗಿಲ ಹತ್ತಿರ ಕೂರೋ ಮಗು. ಕೂಡಿಹಾಕಿದ ದಿನ ಮರಳೆಲ್ಲ ಕಾಲಲ್ಲಿ ಕೆದರಿರುತ್ತೆ. ನೀರು ತರೋಕೆ ಕಳಿಸಿದ ದಿನ ನೀರಿನ ಹನಿಯೂ ಇರುತ್ತೆ, ಮೂರು ಸಾಲು ಅಕ್ಷರವೂ ಇರುತ್ತೆ."

ಎರಡನೆಯದು ನಾಚಿಕೆಯ ಮಗು ಎಂದಳು. ಬೆತ್ತ ಕುಟ್ಟಿದ ಗುರುತಿದ್ದ ದಿನ ಅದರ ಜಾಗದಲ್ಲಿ ಮುಷ್ಟಿಯ ಗುರುತು, ಸುಮ್ಮನೆ ಬಿಟ್ಟ ದಿನ ಐದೂ ಬೆರಳು. ಯಾರೂ ಈಗ ನಗಲಿಲ್ಲ.

ದೊರೆಯ ದನಿ ಇಳಿಯಿತು. "ಎಲ್ಲರೂ ಎದ್ದ ಮೇಲೆ ಬರೆಯುತ್ತದೆ, ಯಾರೂ ನೋಡುವ ಮೊದಲೇ ಒರೆಸುತ್ತದೆ. ಏನು ಬರೆಯುತ್ತದೆ?"

"ನಂಗೆ ಓದು ಬರಲ್ಲ, ಬುದ್ಧಿ. ಆದರೆ ಮೂಲೆಯ ಮಗು ಒರೆಸಿದರೂ ತಳದಲ್ಲಿ ಗೆರೆ ಉಳಿದಿರುತ್ತೆ. ದಿನಾ ಅದೇ ಒಂದು ಗುರುತು. ನಾನು ಬರೀತೀನಿ, ನೀವೇ ಓದಿಕೊಳ್ಳಿ."

ಸೆರಗಿನ ಮರಳು ಬಿಚ್ಚಿ ದೊರೆಯ ಕಾಲ ಬಳಿ ಹರವಿ, ತನಗೆ ಗೊತ್ತಿಲ್ಲದ ಅಕ್ಷರವನ್ನು ನಿಧಾನವಾಗಿ ತಿದ್ದಿದಳು. ದೊರೆ ಬಗ್ಗಿ ನೋಡಿದ.

"ಬಾ," ಎಂದು ಓದಿದ.

ಅಪ್ಪನ ಬಾಯಲ್ಲಿ ಆ ಮಾತು ಕೇಳಿ ಮಗುವಿಗೆ ವರ್ಷವಾಗಿತ್ತು. ತನ್ನನ್ನೇ ಕರೆದದ್ದೆಂದುಕೊಂಡು ಕಂಬದ ಮರೆಯಿಂದ ಓಡಿಬಂದು, "ಬಂದೆ, ಅಪ್ಪಾಜಿ" ಎಂದಿತು. ದೊರೆ ನೆಲದ ಮೇಲೇ ಕೂತು ಮಗಳನ್ನು ತಬ್ಬಿ ಅತ್ತ.

ಸೆರೆಯಲ್ಲಿದ್ದ ಮೂವರನ್ನೂ ಬಿಟ್ಟರು. ಮಂಚಮ್ಮ ಉಂಬಳಿ ಬೇಡವೆಂದಳು. ಮಕ್ಕಳು ಇರುವ ಹೊತ್ತಿಗೆ ಮಠಕ್ಕೆ ಬರಲು ಅಪ್ಪಣೆಯಾದರೆ ಸಾಕು, ಅವರ ಮುಖ ನೋಡಬೇಕು ಎಂದಳು. ದೊರೆ ಒಪ್ಪಿದ.

ಮಾರನೆಯ ಬೆಳಿಗ್ಗೆ ಹೋದಳು. ಹೋದವಳಿಗೆ ಹೊಸ್ತಿಲು ದಾಟಲು ಧೈರ್ಯ ಬರಲಿಲ್ಲ. ಅಷ್ಟು ಮುಖಗಳನ್ನು ಒಟ್ಟಿಗೆ ಕಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ನಿಂತಳು. ಮೂಲೆಯಲ್ಲಿ ಕೂತಿದ್ದ ದೇವಾಜಿ ಅವಳನ್ನು ನೋಡಿತು. ಮರಳಿಗೆ ಬೆರಳು ಹಚ್ಚದೆ, ತಲೆಯೆತ್ತಿ, "ಬಾ" ಎಂದಿತು.