ರುದ್ರಾಣಿ ಹೆಸರಿನ ಡಬರಿ

ಸರ್ವೆ ಇಲಾಖೆಯಿಂದ ನಿವೃತ್ತರಾಗಿದ್ದ ಶಿವನಂಜಪ್ಪನವರಿಗೆ ಒಂದೇ ಒಂದು ನಂಬಿಕೆಯಿತ್ತು. ಅವರದ್ದು ಅವರಿಗೆ, ನಮ್ಮದು ನಮಗೆ. ಜೀವಮಾನವೆಲ್ಲ ಹೊಲಗದ್ದೆ ಅಳೆದವರು ಅವರು. ಅಣ್ಣತಮ್ಮಂದಿರ ನಡುವೆ ಕಲ್ಲು ನೆಡಿಸಿ ಎಷ್ಟೋ ಜಗಳ ಬಿಡಿಸಿದವರು. ಗಡಿ ಸರಿಯಾಗಿದ್ದರೆ ಮನುಷ್ಯರು ನೆಮ್ಮದಿಯಾಗಿರುತ್ತಾರೆ ಎಂದು ಗಟ್ಟಿಯಾಗಿ ನಂಬಿದ್ದರು. ಹೊಲದ ಮಟ್ಟಿಗೆ ಅದು ಸರಿಯೇ. ಆದರೆ ಅವರು ಅದೇ ನಂಬಿಕೆಯನ್ನು ಅಡುಗೆಮನೆಗೂ ತಂದರು ನೋಡಿ, ಎಡವಟ್ಟಾಗಿದ್ದು ಅಲ್ಲಿ.

ಅವರ ಹೆಂಡತಿ ರುದ್ರಾಣಮ್ಮ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಆಕೆ ಇದ್ದಷ್ಟು ಕಾಲ ಶಿವನಂಜಪ್ಪನವರು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕಾಫಿ ಇಸಿದುಕೊಂಡವರೇ ಹೊರತು ಒಳಗೆ ಹೋಗಿ ಮಾಡಿಕೊಂಡವರಲ್ಲ. ಈಗ ಹೋಗಿ ನಿಂತರೆ ಅದೊಂದು ಚಕ್ರವ್ಯೂಹ. ಉಪ್ಪು ಹಳೇ ಕಾಫಿಪುಡಿ ಡಬ್ಬದಲ್ಲಿ. ಕಾಫಿಪುಡಿ ಬಿಸ್ಕತ್ತಿನ ಡಬ್ಬದಲ್ಲಿ. ಸಾಸಿವೆ ಹುಡುಕಿ ತರುವಷ್ಟರಲ್ಲಿ ಒಗ್ಗರಣೆಯ ಎಣ್ಣೆ ಹೊಗೆಯಾಡುತ್ತಿತ್ತು. ಒಲೆ ಒಂದು ಮೂಲೆ, ನೀರು ಇನ್ನೊಂದು ಮೂಲೆ. ಬೆಳಕಿಗೆ ಅಂಗೈಯಗಲದ ಒಂದು ಕಿಂಡಿ. ರುದ್ರಾಣಮ್ಮನಿಗೆ ಕತ್ತಲಲ್ಲೂ ಕೈಗೆ ಸಿಗುತ್ತಿದ್ದದ್ದು ಇವರಿಗೆ ದೀಪ ಹಾಕಿದರೂ ಸಿಗುತ್ತಿರಲಿಲ್ಲ.

ಹಾಗಂತ ಅವರು ಉಪವಾಸವೇನೂ ಬೀಳಲಿಲ್ಲ. ಪಕ್ಕದ ಮನೆಯ ಇಂದ್ರಮ್ಮ ಕಾಂಪೌಂಡಿನ ಮೇಲಿಂದ ಒಂದು ಡಬರಿ ಸಾರು ಚಾಚುತ್ತಿದ್ದಳು. ಎದುರು ಮನೆಯ ಜುಲೇಖಾ ಹಬ್ಬಕ್ಕೆ ಶಾವಿಗೆ ಪಾಯಸ ತಂದುಕೊಡುತ್ತಿದ್ದಳು. ಶಿವನಂಜಪ್ಪನವರು ಉಂಡು, ಪಾತ್ರೆ ತೊಳೆದು ಕವುಚಿಡುತ್ತಿದ್ದರು. ಅದನ್ನು ವಾಪಸ್ ಕೊಡಬೇಕು ಎನ್ನುವುದು ಹೊಳೆಯುತ್ತಿರಲಿಲ್ಲ. ಆ ಕೊಡುಕೊಳ್ಳುವ ಕೆಲಸವೆಲ್ಲ ಹೆಂಡತಿಯದಾಗಿತ್ತು. ಆದರೆ ಕಂಡವರ ಮನೆಯ ಅನ್ನ ತಿನ್ನುತ್ತಿದ್ದೇನಲ್ಲ ಎಂದು ಒಳಗೊಳಗೇ ಚುಚ್ಚುತ್ತಿತ್ತು. ಒಂದು ದಿನ ತೀರ್ಮಾನ ಮಾಡಿಯೇಬಿಟ್ಟರು. ಅಡುಗೆಮನೆಯನ್ನು ಹೊಸದಾಗಿ ಕಟ್ಟಿಸಬೇಕು. ತನ್ನ ಊಟ ತಾನೇ ಮಾಡಿಕೊಳ್ಳಬೇಕು. ಯಾರ ಹಂಗೂ ಬೇಡ.

ಅಣೆಕಟ್ಟು ಕಟ್ಟುವವರು ಕೂಡ ಅಷ್ಟು ಅಳೆಯಲಿಕ್ಕಿಲ್ಲ. ಟೇಪು ಹಿಡಿದು ನೆಲ, ಗೋಡೆ, ಕಡೆಗೆ ತಮ್ಮ ಸೊಂಟದ ಎತ್ತರವನ್ನೂ ಅಳೆದರು. ಬಗ್ಗಬಾರದು, ಎಟುಕದ್ದಕ್ಕೆ ಕೈ ಚಾಚಬಾರದು, ಸುಮ್ಮನೆ ಓಡಾಡಬಾರದು. ಒಲೆಯಿಂದ ಒಂದು ಹೆಜ್ಜೆಗೆ ಸಿಂಕು, ಸಿಂಕಿನ ಮೇಲೆ ದೊಡ್ಡ ಕಿಟಕಿ, ಕಿಟಕಿಯಾಚೆ ಬೀದಿ. ಕಪ್ಪು ಗ್ರಾನೈಟಿನ ಕಟ್ಟೆ, ಗೋಡೆಗೆ ಬೆಣ್ಣೆ ಬಣ್ಣದ ಟೈಲ್ಸು. ಕೆಳಗೆ ಎಳೆದರೆ ಮೆತ್ತಗೆ ಬರುವ ಡ್ರಾಯರುಗಳು. ಅವುಗಳ ಒಳಗೆ ಪ್ರತಿಯೊಂದು ಪಾತ್ರೆಗೂ ಅದರದೇ ಅಳತೆಯ ಮನೆ. ಹಾಳೆಯ ಮೇಲೆ ನಕ್ಷೆ ಮುಗಿದಾಗ ಅದನ್ನು ತೋರಿಸಲು ಯಾರನ್ನೋ ಕರೆಯಲು ತಲೆ ಎತ್ತಿದರು. ಮನೆಯಲ್ಲಿ ಯಾರೂ ಇರಲಿಲ್ಲ. ಹಾಳೆ ಮಡಿಸಿಟ್ಟರು.

ಹಳೆಯ ಅಡುಗೆಮನೆ ಖಾಲಿ ಮಾಡುವಾಗ ತೊಡಕು ಬಂತು. ನಕ್ಷೆಯಲ್ಲಿ ಜಾಗವಿಲ್ಲದ ಪಾತ್ರೆಗಳು ಒಂದೊಂದಾಗಿ ಹೊರಬಂದವು. ಒಂದರ ಮೇಲೆ 'ಇಂದ್ರಮ್ಮ' ಎಂದು ಚುಕ್ಕಿ ಚುಕ್ಕಿಯಾಗಿ ಕೊರೆದಿತ್ತು. ಇನ್ನೊಂದರ ಮೇಲೆ 'ಜುಲೇಖಾ'. ಮತ್ತೆ ಮೂಲೆ ಮನೆಯವರದ್ದು, ಹಿಂದಿನ ಬೀದಿಯವರದ್ದು. ಶಿವನಂಜಪ್ಪನವರಿಗೆ ಕಸಿವಿಸಿಯಾಯಿತು. ಪಕ್ಕದವನ ಹೊಲ ಒತ್ತುವರಿ ಮಾಡಿಕೊಂಡು ಸಿಕ್ಕಿಬಿದ್ದವರ ಹಾಗೆ ಮುಖ ಬಿಸಿಯಾಯಿತು. ಎಲ್ಲವನ್ನೂ ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿ, ಒರೆಸಿ, ಚೀಲಕ್ಕೆ ತುಂಬಿ ಮನೆಮನೆಗೆ ಹೊರಟರು. ಮೊದಲು ಇಂದ್ರಮ್ಮನ ಬಾಗಿಲು.

"ತಗೊಳಮ್ಮ, ನಿಮ್ಮ ಪಾತ್ರೆ. ತುಂಬಾ ದಿನದಿಂದ ಇಟ್ಕೊಂಡುಬಿಟ್ಟಿದ್ದೆ."

ಇಂದ್ರಮ್ಮ ಡಬರಿಯ ಮುಚ್ಚಳ ತೆಗೆದು ಒಳಗೆ ನೋಡಿದಳು. ಆಮೇಲೆ ಅವರ ಮುಖ ನೋಡಿದಳು. ರುದ್ರಾಣಮ್ಮನನ್ನು ಅಕ್ಕ ಎನ್ನುತ್ತಿದ್ದ ಅವಳಿಗೆ ಇವರು ಭಾವ.

"ಈಗೇನವಸರ ಇತ್ತು ಭಾವ? ಇರ್ತಿತ್ತು ಬಿಡಿ."

"ಹಂಗಲ್ಲ ಕಣಮ್ಮ. ಒಬ್ಬರದ್ದು ಒಬ್ಬರ ಹತ್ರ ಇರಬಾರದು. ನಮ್ಮ ಮನೇವೂ ನಿಮ್ಮಲ್ಲಿದ್ರೆ ಕೊಟ್ಬಿಡು, ಮುಗಿದುಹೋಗ್ಲಿ."

ಇಂದ್ರಮ್ಮ ಒಳಗೆ ಹೋದಳು. ಹೊರಬರಲು ಸ್ವಲ್ಪ ಹೊತ್ತಾಯಿತು. ಕೈಯಲ್ಲಿ 'ರುದ್ರಾಣಿ' ಎಂದು ಹೆಸರಿದ್ದ ಎರಡು ಪಾತ್ರೆಗಳಿದ್ದವು. "ಇಷ್ಟೇ ಭಾವ, ಇರೋದು" ಎಂದು ಕೊಟ್ಟಳು. ಜುಲೇಖಾಳ ಮನೆಯಲ್ಲೂ ಹೀಗೆಯೇ. ಮೂಲೆ ಮನೆಯಲ್ಲೂ ಹೀಗೆಯೇ. ಹೋದ ಚೀಲದಲ್ಲಿ ಎಷ್ಟು ಭಾರವಿತ್ತೋ ಬಂದ ಚೀಲದಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಗಡಿ ಸರಿಹೋಯಿತು ಎಂದು ಶಿವನಂಜಪ್ಪನವರು ಹಗುರಾದರು. ಪಾಪ.

ಮನೆಯಲ್ಲಿದ್ದವೂ ಈಗ ಬಂದವೂ ಸೇರಿ ಆ ಹಳೆಯ ಪಾತ್ರೆಗಳೆಲ್ಲ ಒಂದೊಂದು ಆಕಾರ. ಹೊಸ ಡ್ರಾಯರಿನಲ್ಲಿ ಕೂರುವಂಥವಲ್ಲ. ಅವನ್ನೆಲ್ಲ ಪಾತ್ರೆ ಅಂಗಡಿಗೆ ಒಯ್ದು ತೂಕಕ್ಕೆ ಹಾಕಿದರು. ರುದ್ರಾಣಿ ಎಂಬ ಹೆಸರು ತಕ್ಕಡಿಗೆ ಬಿದ್ದದ್ದನ್ನು ಅವರು ನೋಡಲಿಲ್ಲ. ಹೊಸ ಡಬರಿಗಳ ಅಗಲವನ್ನು ಅಳೆಯುವುದರಲ್ಲಿ ಮುಳುಗಿದ್ದರು.

"ಹೆಸರು ಹಾಕಿಸಬೇಕಾ ಸ್ವಾಮಿ?" ಎಂದ ಅಂಗಡಿಯವನು.

"ಬೇಡಪ್ಪ. ಇರೋನು ನಾನೊಬ್ಬ. ಯಾರದ್ದು ಅಂತ ಯಾರು ಕೇಳ್ತಾರೆ?" ಎಂದರು ಶಿವನಂಜಪ್ಪನವರು. ಆ ಮಾತು ತಮ್ಮ ಕಿವಿಗೇ ಒಂದು ಥರ ಕೇಳಿಸಿತು. ಆದರೂ ದುಡ್ಡು ಕೊಟ್ಟು ಹೊರಟರು.

ಅಡುಗೆಮನೆ ಸಿದ್ಧವಾಯಿತು. ಸುಳ್ಳು ಹೇಳಬಾರದು, ಬಹಳ ಚೆನ್ನಾಗಿತ್ತು. ಬೆಳಗಿನ ಬಿಸಿಲು ಕಿಟಕಿಯಿಂದ ಬಂದು ಕಟ್ಟೆಯ ಮೇಲೆ ಬೀಳುತ್ತಿತ್ತು. ಸಾಸಿವೆ ಸಾಸಿವೆಯ ಜಾಗದಲ್ಲಿ, ಉಪ್ಪು ಉಪ್ಪಿನ ಜಾಗದಲ್ಲಿ. ಬೀದಿಯವರೆಲ್ಲ ಬಂದು ನೋಡಿದರು, ಡ್ರಾಯರು ಎಳೆದು ಬಿಟ್ಟು ಬೆರಗಾದರು, ಕಾಫಿ ಕುಡಿದು ಹೋದರು. ಹೋದವರು ಮತ್ತೆ ಬರಲಿಲ್ಲ.

ಶಿವನಂಜಪ್ಪನವರು ಅಡುಗೆ ಕಲಿತರು. ಮೊದಮೊದಲು ಹುರುಪಿನಲ್ಲಿ ಸಾರು, ಪಲ್ಯ, ಚಟ್ನಿ ಎಲ್ಲ ಮಾಡಿದರು. ಉಪ್ಪು ಸರಿಯಾಗಿದೆಯೇ ಎಂದು ಕೇಳಲು ಯಾರೂ ಇರಲಿಲ್ಲ. ಕುದಿಯುವ ಸಾರಿನ ಮುಂದೆ ನಿಂತು, "ಘಮ ಹೆಂಗಿದೆ ಅಂತೀಯಾ?" ಎಂದು ಒಂದೆರಡು ಸಲ ಅಂದದ್ದೂ ಉಂಟು. ಯಾರನ್ನು ಕೇಳಿದೆ ಎಂದು ಆಮೇಲೆ ನಾಚಿಕೆಯಾಗುತ್ತಿತ್ತು. ಬರಬರುತ್ತಾ ಪಲ್ಯ ನಿಂತಿತು, ಚಟ್ನಿ ನಿಂತಿತು. ಕಡೆಗೆ ಅವಲಕ್ಕಿಗೆ ಮೊಸರು ಕಲಸಿ ಅದೇ ಚೆಂದದ ಕಟ್ಟೆಗೆ ಒರಗಿ ನಿಂತೇ ತಿನ್ನತೊಡಗಿದರು. ಇಡೀ ಮನೆಯಲ್ಲಿ ಅವರಿಗೆ ಒಂದು ಚಮಚದ ಸದ್ದು ಮಾತ್ರ ಕೇಳಿಸುತ್ತಿತ್ತು. ಹೆಂಡತಿ ಸತ್ತ ಹೊಸದರಲ್ಲೂ ಇಷ್ಟು ಒಂಟಿ ಎನಿಸಿರಲಿಲ್ಲ. ಯಾಕೆ ಎಂದು ಮಾತ್ರ ತಿಳಿಯಲಿಲ್ಲ.

ಗಣೇಶನ ಹಬ್ಬ ಬಂತು. ಇಂದ್ರಮ್ಮನ ಮನೆಯಿಂದ ಕಡುಬಿನ ಘಮ ಕಾಂಪೌಂಡು ದಾಟಿ ಬಂತು. ಡಬರಿ ಮಾತ್ರ ಬರಲಿಲ್ಲ. ಶಿವನಂಜಪ್ಪನವರು ದೊಡ್ಡ ಕಿಟಕಿಯ ಮುಂದೆ ನಿಂತಿದ್ದರು. ಇಂದ್ರಮ್ಮ ಮುಚ್ಚಿದ ಪಾತ್ರೆ ಹಿಡಿದು ಬೀದಿಗೆ ಬಂದಳು. ಅವರ ಗೇಟಿನ ಹತ್ತಿರ ಹೆಜ್ಜೆ ನಿಧಾನವಾಯಿತು. ಒಂದು ಸಲ ಒಳಗೆ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಸೀದಾ ಜುಲೇಖಾಳ ಮನೆಗೆ ಹೋದಳು. ಬೆಳಕು ಬರಲಿ ಎಂದು ಮಾಡಿಸಿದ್ದ ಆ ಕಿಟಕಿ ಇದನ್ನೂ ಸ್ಪಷ್ಟವಾಗಿ ತೋರಿಸಿತು. ಶಿವನಂಜಪ್ಪನವರಿಗೆ ಮೊದಲು ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ ದುಃಖ ಬಂತು. ತಡೆಯಲಾಗದೆ, ಅವಳು ವಾಪಸ್ ಬರುವಾಗ ಗೇಟಿಗೆ ಹೋಗಿ ನಿಂತರು.

"ಏನಮ್ಮ ಇಂದ್ರಮ್ಮ, ರುದ್ರಾಣಿ ಹೋದಳು ಅಂತ ನಮ್ಮ ಮನೇನೇ ಮರೆತುಬಿಟ್ರಾ ಎಲ್ಲರೂ?"

ಇಂದ್ರಮ್ಮ ನಿಂತಳು. "ಮರೆತಿದ್ದು ನಾವಾ ಭಾವ? ಖಾಲಿ ಪಾತ್ರೆ ತಂದುಕೊಟ್ಟೋರು ಯಾರು? ಮುಗಿದುಹೋಗ್ಲಿ ಅಂದೋರು ಯಾರು?"

"ಖಾಲಿ ಅಂದ್ರೆ? ತಿಕ್ಕಿ ತೊಳೆದಲ್ವಾ ಕೊಟ್ಟಿದ್ದು!"

ಅವಳು ಅವರನ್ನೇ ನೋಡಿದಳು. ಮನುಷ್ಯ ನಿಜವಾಗಿಯೂ ಗೊತ್ತಿಲ್ಲದೆ ಕೇಳುತ್ತಿದ್ದಾರೆ ಎಂದು ಆಗ ಅರ್ಥವಾಯಿತು. ದನಿ ಮೆತ್ತಗಾಯಿತು.

"ಭಾವ, ಅಕ್ಕ ಒಂದು ದಿನಾನೂ ಪಾತ್ರೇನ ಬರಿದಾಗಿ ಕಳಿಸ್ತಿರ್ಲಿಲ್ಲ. ಏನೂ ಇಲ್ದಿದ್ರೆ ಒಂದು ಚಿಟಿಕೆ ಸಕ್ಕರೆ ಹಾಕೋಳು. ನಾವೂ ಹಂಗೇ ಮಾಡ್ತಿದ್ವಿ. ಅದಕ್ಕೇ ಅವಳ ಪಾತ್ರೆ ನಮ್ಮಲ್ಲಿ, ನಮ್ಮದು ಅವಳಲ್ಲಿ ಯಾವಾಗ್ಲೂ ಇರೋದು. ನೀವು ಖಾಲಿ ಪಾತ್ರೆ ಕೈಗಿಟ್ಟು ನಿಮ್ಮದನ್ನೂ ಕೇಳಿ ಇಸ್ಕೊಂಡ್ರಿ. ನಮ್ಮ ಕೈಯಡುಗೆ ಇನ್ನು ಬೇಡ ಅಂತಿದ್ದೀರ ಅಂದ್ಕೊಂಡ್ವಿ. ಆಮೇಲೆ ಯಾವ ಮುಖ ಇಟ್ಕೊಂಡು ಬರೋದು?"

ಶಿವನಂಜಪ್ಪನವರಿಗೆ ಪಾತ್ರೆ ಅಂಗಡಿ ನೆನಪಾಯಿತು. ತಕ್ಕಡಿ ಕಣ್ಣಿಗೆ ಕಟ್ಟಿತು. ಊರಿನ ಎಷ್ಟೋ ಅಡುಗೆಮನೆಗಳಲ್ಲಿ ಬದುಕಿದ್ದ ಹೆಂಡತಿಯ ಹೆಸರನ್ನು ತಾವೇ ಮನೆಮನೆ ತಿರುಗಿ ಕಿತ್ತು ತಂದು ತೂಕಕ್ಕೆ ಹಾಕಿದ್ದರು.

"ಅವಳ ಹೆಸರಿಂದು ಒಂದೂ ಉಳೀಲಿಲ್ಲವಲ್ಲಮ್ಮ" ಎಂದರು. ಕಣ್ಣಲ್ಲಿ ನೀರು ನಿಂತಿತ್ತು.

ಇಂದ್ರಮ್ಮ ತಲೆ ತಗ್ಗಿಸಿದಳು. "ಒಂದಿದೆ ಭಾವ. ಅವತ್ತು ಇಷ್ಟೇ ಇರೋದು ಅಂತ ಸುಳ್ಳು ಹೇಳಿದ್ದೆ. ಅಕ್ಕನ ಡಬರಿ ಒಂದನ್ನ ಕೊಡೋಕೆ ಮನಸ್ಸು ಬರಲಿಲ್ಲ."

ಅವಳು ಒಳಗೆ ಹೋಗಿ ಬಂದಳು. ಒಂದು ಕಡೆ ನೆಗ್ಗಿದ ಹಳೆಯ ಡಬರಿ. ಅದರ ತುಂಬ ಬಿಸಿ ಕಡುಬು. ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ, ರುದ್ರಾಣಿ. ಶಿವನಂಜಪ್ಪನವರು ಎರಡೂ ಕೈಯಲ್ಲಿ ಹಿಡಿದುಕೊಂಡು ಮನೆಗೆ ನಡೆದರು. ಅವತ್ತು ಕಟ್ಟೆಗೆ ಒರಗಿ ತಿನ್ನಲಿಲ್ಲ. ನೆಲದ ಮೇಲೆ ಮಣೆ ಹಾಕಿಕೊಂಡು ಕೂತು ಉಂಡರು. ಆಮೇಲೆ ಡಬರಿ ತೊಳೆದು, ಒರೆಸಿ, ಆ ಹೆಸರಿನ ಮೇಲೆ ಬೆರಳಾಡಿಸುತ್ತಾ ಬಹಳ ಹೊತ್ತು ನಿಂತರು.

ಇಟ್ಟುಕೊಳ್ಳಬಹುದಾಗಿತ್ತು. ಅದು ಅವರದೇ. ಹೆಂಡತಿಯ ಹೆಸರಿನದ್ದು ಅಂತ ಲೋಕದಲ್ಲಿ ಉಳಿದಿದ್ದದ್ದು ಅದೊಂದೇ. ಅವರ ಹಳೇ ನಂಬಿಕೆಯೂ ಇಟ್ಟುಕೋ ಎಂದೇ ಹೇಳುತ್ತಿತ್ತು. ಆದರೆ ಶಿವನಂಜಪ್ಪನವರು ಸಕ್ಕರೆ ಡಬ್ಬ ತೆಗೆದು, ಡಬರಿಗೆ ಒಂದು ಚಿಟಿಕೆ ಹಾಕಿ, ಮುಚ್ಚಳ ಮುಚ್ಚಿ, ಕಾಂಪೌಂಡಿನ ಹತ್ತಿರ ಹೋಗಿ ಕರೆದರು.

"ಇಂದ್ರಮ್ಮ, ತಗೋ ನಿನ್ನ ಡಬರಿ."

ಇಂದ್ರಮ್ಮ ಮುಚ್ಚಳ ತೆಗೆದು ನೋಡಿ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. "ಭಾವ, ಇದು ನಿಮ್ಮದೇ ಅಲ್ವಾ!"

"ಗೊತ್ತು ಕಣಮ್ಮ. ನನ್ನ ಹತ್ರ ಇದ್ರೆ ಡ್ರಾಯರಲ್ಲಿ ಬಿದ್ದಿರುತ್ತೆ. ನಿನ್ನ ಹತ್ರ ಇದ್ರೆ ಆಗಾಗ ಮನೆಗೆ ಬಂದುಹೋಗ್ತಾಳೆ."

ನೀತಿ: ಅಡುಗೆಮನೆಯನ್ನು ಚೆಂದವಾಗಿ, ಅನುಕೂಲವಾಗಿ ಕಟ್ಟಿಸಿಕೊಳ್ಳಿ, ತಪ್ಪಿಲ್ಲ. ಆದರೆ ಪಕ್ಕದ ಮನೆಯ ಒಂದು ಪಾತ್ರೆಗೂ ಅಲ್ಲಿ ಜಾಗ ಬಿಡಿ. ನಮ್ಮದು ಅವರಲ್ಲಿ, ಅವರದು ನಮ್ಮಲ್ಲಿ ಸ್ವಲ್ಪ ಉಳಿದಿದ್ದರೇನೇ ಬಾಗಿಲು ತಟ್ಟಲು ಒಬ್ಬರಿಗೊಬ್ಬರು ನೆಪವಿರುತ್ತದೆ. ಯಾರ ಹಂಗೂ ಬೇಡವೆಂದು ಎಲ್ಲವನ್ನೂ ತಿರುಗಿಸಿಕೊಟ್ಟವನ ಮನೆಗೆ ಯಾರೂ ಬರುವುದಿಲ್ಲ.