ಅಕ್ಕೋರ ಹೆಸರಿನ ಹುಳು

ಈ ಕತೆಯನ್ನು ನಾನು ಚೆನ್ನಾಗಿ ಹೇಳಲಾರೆ. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಗುರುಗಳು ಹೇಳಿದಾಗ ಇದು ಚಿಕ್ಕದಾಗಿತ್ತು. ನಿಮಗೆ ಎಲ್ಲಾದರೂ ಅರ್ಥವಾಗದೆ ಹೋದೀತೆಂಬ ಹೆದರಿಕೆಯಿಂದ ನಾನು ನಡುನಡುವೆ ವಿವರಣೆ ಸೇರಿಸಿದ್ದೇನೆ.

ಪ್ರಶ್ನೆ ಕೇಳಿದವನು ಜಟ್ಟಪ್ಪ. ಆಶ್ರಮದಲ್ಲಿ ನನಗಿಂತ ಹಳಬ. ಗುರುಗಳು ಊರಿಕೊಂಡು ಓಡಾಡುವ ಕೋಲನ್ನು ತಂದುಕೊಟ್ಟವನು ಅವನೇ. ಬಂದವರಿಗೆಲ್ಲ ಗುರುಗಳು ಅದನ್ನು ತೋರಿಸಿ, ನಮ್ಮ ಜಟ್ಟಪ್ಪ ತಂದ ಶ್ರೀಗಂಧ, ಮೂಸಿ ನೋಡಿ ಎನ್ನುತ್ತಿದ್ದರು. ಬಂದವರು ಮೂಸಿ ಹೌದು ಹೌದು ಎನ್ನುತ್ತಿದ್ದರು. ಕೋಲಿನ ವಿಷಯ ಈಗ ಅನಗತ್ಯವೆಂದು ತೋರಬಹುದು. ದಯವಿಟ್ಟು ನೆನಪಿಟ್ಟುಕೊಳ್ಳಿ.

ಜಟ್ಟಪ್ಪ ಕೇಳಿದ: "ಗುರುಗಳೇ, ನಾವು ಆಡಿದ ಒಂದು ಮಾತಿನಿಂದ ಒಬ್ಬರಿಗೆ ತುಂಬ ಸಂತೋಷವಾಗಿದೆ. ಆ ಮಾತು ತಪ್ಪೆಂದು ಆಮೇಲೆ ನಮಗೆ ತಿಳಿಯಿತು. ಹೇಳಬೇಕೋ, ಸುಮ್ಮನಿರಬೇಕೋ?"

ಗುರುಗಳು ಕೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಈ ಕತೆ ಹೇಳಿದರು.

ಕಡಲ ದಂಡೆಯ ಊರಿನಲ್ಲಿ ಒಬ್ಬ ವಿದ್ವಾಂಸನಿದ್ದ. ಸಮುದ್ರದ ಬಿರುಗೂದಲ ಹುಳುಗಳನ್ನು ಗುರುತಿಸಿ ಹೆಸರಿಡುವುದು ಅವನ ವಿದ್ಯೆ. ಬಿರುಗೂದಲ ಹುಳುವೆಂದರೆ ಎರೆಹುಳುವಿನ ದಾಯಾದಿ. ಎರೆಹುಳುವಿನಂತೆಯೇ ಮೈಯೆಲ್ಲ ಉಂಗುರ. ಆದರೆ ಒಂದೊಂದು ಉಂಗುರಕ್ಕೂ ಎರಡು ಬದಿಯಲ್ಲಿ ಪುಟ್ಟ ಕಾಲಿನಂಥದು, ಅದರ ತುದಿಯಲ್ಲಿ ಗಡುಸು ಕೂದಲು. ಆ ಕೂದಲಿನ ಆಕಾರ ನೋಡಿಯೇ ಇದು ಯಾವ ಹುಳು ಎಂದು ಹೇಳುತ್ತಾರೆ.

ಒಮ್ಮೆ ಅವನ ಬಲೆಗೆ ನೀರಿನ ಮೇಲೆ ಈಜುತ್ತಿದ್ದ ಒಂದು ಹುಳು ಸಿಕ್ಕಿತು. ಕಣ್ಣು ದೊಡ್ಡದು, ಹಿಂಭಾಗದ ಕೂದಲು ಹುಟ್ಟಿನಂತೆ ಅಗಲ. ಹುಟ್ಟು ಎಂದರೆ ದೋಣಿಗೆ ಹಾಕುವ ಹುಟ್ಟು. ಅಂಥದನ್ನು ಯಾರೂ ಹೆಸರಿಸಿರಲಿಲ್ಲ. ಹೊಸ ಹುಳುವಿಗೆ ಎರಡು ಪದದ ಹೆಸರಿಡುತ್ತಾರೆ. ಮೊದಲನೆಯದು ಅದರ ಕುಲದ್ದು, ಎರಡನೆಯದು ಅದರ ಸ್ವಂತದ್ದು. ಎರಡನೆಯ ಪದವಾಗಿ ಅವನು ತನಗೆ ಅಕ್ಷರ ಕಲಿಸಿದ ಅಕ್ಕೋರ ಹೆಸರನ್ನಿಟ್ಟ. ಆ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸನ್ನು ಅಕ್ಕೋರು ಎನ್ನುತ್ತಾರೆ.

ಅಕ್ಕೋರಿಗೆ ಆಗ ತುಂಬ ವಯಸ್ಸಾಗಿತ್ತು. ಹಾಲಿನವನಿಗೂ ಪೋಸ್ಟಿನವನಿಗೂ, ಸಮುದ್ರದಲ್ಲಿ ನನ್ನ ಹೆಸರು ಈಜುತ್ತಿದೆ ಎಂದು ಹೇಳಿಕೊಂಡರು. ಮೀನು ಮಾರುವವಳು ಬುಟ್ಟಿ ಇಳಿಸುತ್ತ, "ನಿಮ್ಮನ್ನೇ ತಿಂದು ಕೊಬ್ಬಿದ ಬಂಗುಡೆ ಅಕ್ಕೋರೇ, ಇವತ್ತು ಚೌಕಾಸಿ ಮಾಡಬೇಡಿ" ಎಂದು ಕಾಡಿದಳು. ಅಕ್ಕೋರು ಚೌಕಾಸಿ ಮಾಡಲಿಲ್ಲ. ಅಷ್ಟು ಸಂತೋಷ.

ಅದೇ ವಿದ್ವಾಂಸ ಬೇರೇನೋ ತಿಳಿಯಲು ಕೆಸರಿನಲ್ಲಿರುವ ಒಂದು ಹುಳುವನ್ನು ಗಾಜಿನ ಬೋಗುಣಿಯಲ್ಲಿ ಸಾಕಿದ್ದ. ಅದಕ್ಕೆ ಬಹಳ ಹಿಂದೆಯೇ ಇನ್ನೊಬ್ಬ ಪಂಡಿತ ಹೆಸರಿಟ್ಟಿದ್ದ. ಒಂದು ಬೆಳಿಗ್ಗೆ ನೋಡಿದರೆ ಅದರ ಕಣ್ಣು ದೊಡ್ಡದಾಗಿತ್ತು. ಮುಂದಿನ ಅರ್ಧ ಕೆಸರಿನ ಹುಳುವೇ. ಹಿಂದಿನ ಅರ್ಧದಲ್ಲಿ ಮಾತ್ರ ಹುಟ್ಟಿನಂಥ ಅಗಲ ಕೂದಲು ಮೂಡುತ್ತಿತ್ತು. ಮೊಟ್ಟೆಯಿಡುವ ಕಾಲ ಬಂದಾಗ ಕೆಸರಿನ ಹುಳುವೇ ವೇಷ ಬದಲಿಸಿ ಮೇಲಕ್ಕೆ ಈಜಿ ಬರುತ್ತದೆ ಎಂದು ಅವನಿಗೆ ಅರ್ಥವಾಯಿತು. ಅಂದರೆ ಎರಡು ಹುಳುಗಳಿರಲಿಲ್ಲ, ಇದ್ದದ್ದು ಒಂದೇ.

ಹೆಸರಿಡುವವರಲ್ಲಿ ಒಂದು ನಿಯಮವಿದೆ. ಒಂದು ಪ್ರಾಣಿಗೆ ಎರಡು ಹೆಸರಾದರೆ ಮೊದಲು ಇಟ್ಟದ್ದು ಉಳಿಯಬೇಕು. ವಿದ್ವಾಂಸ ಬಾಯಿ ಬಿಟ್ಟರೆ ಅಕ್ಕೋರ ಹೆಸರು ಹೋಗುತ್ತದೆ. ಬಿಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅವನು ಬೋಗುಣಿಗೆ ಬಟ್ಟೆ ಮುಚ್ಚಿದ. ಅನ್ನ ಸೇರಲಿಲ್ಲ. ಕಡೆಗೆ ಬಟ್ಟೆ ಮುಚ್ಚಿದ ಬೋಗುಣಿಯನ್ನೇ ಎತ್ತಿಕೊಂಡು ಅಕ್ಕೋರ ಮನೆಗೆ ಹೋದ.

ಅಕ್ಕೋರು ಬಟ್ಟೆ ತೆಗೆದು, ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಇದರಲ್ಲಿ ನಾನು ಯಾವುದು?"

"ಹಿಂದಿನ ಅರ್ಧ" ಎಂದ ವಿದ್ವಾಂಸ. "ಆದರೆ ಮುಂದಿನ ಅರ್ಧದ ಹೆಸರೇ ಇಡೀ ಹುಳುವಿಗೆ ಉಳಿಯುತ್ತದೆ. ಅದು ಮೊದಲಿನದು."

ಅಕ್ಕೋರು ಕನ್ನಡಕ ತೆಗೆದರು. "ಒಂದನೇ ಕ್ಲಾಸಿನಲ್ಲಿ ನೀನು ತಪ್ಪು ಬರೆದಾಗ ನಾನೇನು ಮಾಡುತ್ತಿದ್ದೆ?"

"ಅಳಿಸಿ ಬರೆಯಿಸುತ್ತಿದ್ದಿರಿ."

"ಮತ್ತೆ ಇಷ್ಟು ದಿನ ಈ ಬಟ್ಟೆ ಯಾಕೋ, ಪೆದ್ದ? ಆ ಬಡಪ್ರಾಣಿಗೆ ಸೆಕೆಯಾಗಿರಬೇಕು."

ಹುಳುವಿಗೆ ಸೆಕೆಯಾಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಗುರುಗಳು ಹೇಳಿದ್ದನ್ನು ಹೇಳಿದ್ದೇನೆ.

ವಿದ್ವಾಂಸ ನಿಜವನ್ನು ಬರೆದು ಕಳಿಸಿದ. ಅಕ್ಕೋರ ಹೆಸರು ಹೋಯಿತು. ಮರುದಿನ ಮೀನು ಮಾರುವವಳು ಬಂದಾಗ ಅಕ್ಕೋರೇ ಅವಳನ್ನು ತಡೆದು, ನನ್ನ ಹೆಸರನ್ನು ಸಮುದ್ರದಿಂದ ತೆಗೆದುಹಾಕಿದರು, ತೆಗೆದವನು ನಾನೇ ಕಲಿಸಿದ ಹುಡುಗ, ಬೇರೆ ಯಾರಿಗೂ ಅದು ಕಂಡಿರಲಿಲ್ಲ ಎಂದು ಮೊದಲಿಗಿಂತ ಜೋರಾಗಿ ಹೇಳಿಕೊಂಡರು. ಹಾಗಾದರೆ ಇವತ್ತಿನಿಂದ ಚೌಕಾಸಿ ಮಾಡುತ್ತೀರಿ ಅನ್ನಿ, ಎಂದು ಅವಳು ಬುಟ್ಟಿ ಇಳಿಸಿದಳು.

ಇಷ್ಟು ಹೇಳಿ ಗುರುಗಳು ಮಡಿಲಿನ ಕೋಲನ್ನು ಎತ್ತಿ ಜಟ್ಟಪ್ಪನ ಮುಂದೆ ಹಿಡಿದರು.

"ಈಗ ಹೇಳು ಜಟ್ಟಪ್ಪ, ಇದು ಯಾವ ಮರ?"

ಜಟ್ಟಪ್ಪ ತಲೆ ತಗ್ಗಿಸಿದ.

ಕತೆ ಇಷ್ಟೇ. ಆದರೂ ವಿವರಿಸಿಬಿಡುತ್ತೇನೆ. ಅದು ಶ್ರೀಗಂಧವಲ್ಲ. ಮಾರಿದವನು ಯಾವುದೋ ಮರಕ್ಕೆ ಗಂಧದೆಣ್ಣೆ ತಿಕ್ಕಿದ್ದ. ಜಟ್ಟಪ್ಪನಿಗೆ ಅದು ತಡವಾಗಿ ಗೊತ್ತಾಗಿತ್ತು. ಪ್ರಶ್ನೆ ಕೇಳುವಾಗ ಅವನ ಕಣ್ಣು ಕೋಲಿನ ಮೇಲೇ ಇತ್ತಂತೆ. ಅದನ್ನು ನಾವು ಗಮನಿಸಿರಲಿಲ್ಲ, ಗುರುಗಳು ಗಮನಿಸಿದ್ದರು. ಗುರುಗಳು ಈಗಲೂ ಅದೇ ಕೋಲು ಊರಿಕೊಂಡು ಓಡಾಡುತ್ತಾರೆ. ಬಂದವರಿಗೆ ತೋರಿಸುತ್ತಾರೆ ಕೂಡ. ಶ್ರೀಗಂಧವಲ್ಲದ ಕೋಲನ್ನು ಯಾಕೆ ತೋರಿಸುತ್ತಾರೆ ಎಂದು ನೀವು ಕೇಳಬಹುದು. ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಕೋಲಿಗೆ ಹೆಸರು ಹೋದರೂ ಅದರ...

ಗುರುಗಳು ಕರೆಯುತ್ತಿದ್ದಾರೆ. ಯಾರೋ ಹೊಸಬರು ಬಂದಿದ್ದಾರಂತೆ. ಜಟ್ಟಪ್ಪನ ಕೋಲು ತಾರೋ ಎನ್ನುತ್ತಿದ್ದಾರೆ.